ಆರೋಗ್ಯದ ಸುದ್ದಿಗೆ ಮೊದಲು ‘ಅದು ಏನು’ ಎಂಬ ಒಂದು ಸಾಲು ಬೇಕು

ಮಾನ್ಯ ಸಂಪಾದಕರೇ,

ಮಳೆ ಶುರುವಾಗಿ ಹದಿನೈದು ದಿನ ಕಳೆಯುವಷ್ಟರಲ್ಲಿ ನಮ್ಮ ಭಾಗದ ಜಿಲ್ಲಾ ಪುಟಗಳಲ್ಲಿ ಒಂದು ತಲೆಬರಹ ತಪ್ಪದೆ ಕಾಣುತ್ತದೆ: ‘ಶಂಕಿತ ಡೆಂಗಿಗೆ ಬಾಲಕಿ ಬಲಿ’. ನಾಲ್ಕೇ ಪದ. ಅದರಲ್ಲಿ ಮೊದಲನೆಯದು ಅನುಮಾನ, ಕೊನೆಯದು ತೀರ್ಪು. ಮಾರನೆಯ ದಿನ ಆರೋಗ್ಯಾಧಿಕಾರಿಗಳು ‘ಜಿಲ್ಲೆಯಲ್ಲಿ ಡೆಂಗಿಯಿಂದ ಯಾರೂ ಸತ್ತಿಲ್ಲ’ ಎನ್ನುತ್ತಾರೆ, ಅದೂ ಅಚ್ಚಾಗುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಓದುಗರು ತೀರ್ಮಾನಿಸುತ್ತಾರೆ. ಬಹಳ ಸಲ ಇಬ್ಬರೂ ಸುಳ್ಳು ಹೇಳಿರುವುದಿಲ್ಲ. ಒಂದೇ ಪದವನ್ನು ಇಬ್ಬರೂ ಬೇರೆ ಬೇರೆ ಅರ್ಥದಲ್ಲಿ ಬಳಸಿರುತ್ತಾರೆ, ಅಷ್ಟೆ.

ರಾಯಚೂರು, ಕೊಪ್ಪಳ ಕಡೆಯ ಆಸ್ಪತ್ರೆ, ಲ್ಯಾಬುಗಳಲ್ಲಿ ಕೆಲಸ ಮಾಡುವ ನಾವು ಕೇಳುವುದು ದೊಡ್ಡದೇನಲ್ಲ. ಕಾಯಿಲೆ, ಪರೀಕ್ಷೆ, ಔಷಧ ಯಾವುದರ ಹೆಸರು ಸುದ್ದಿಯಲ್ಲಿ ಮೊದಲ ಸಲ ಬಂದರೂ ಅದು ಏನು, ಯಾವ ಗುಂಪಿಗೆ ಸೇರಿದ್ದು, ಆ ಗುಂಪಿನ ಉಳಿದವುಗಳಿಂದ ಹೇಗೆ ಬೇರೆ ಎಂದು ಒಂದು ಸಾಲು ಬರೆಯಿರಿ. ಆ ಸಾಲು ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಡೆಂಗಿಯೇ ಸಾಕು.

ಸರ್ಕಾರದ ಲೆಕ್ಕದಲ್ಲಿ ಡೆಂಗಿಗೆ ಮೂರು ಮೆಟ್ಟಿಲು. ಎರಡರಿಂದ ಏಳು ದಿನದ ಜ್ವರ, ಅದರ ಜೊತೆ ತಲೆನೋವು, ಕಣ್ಣುಗುಡ್ಡೆಯ ಹಿಂದೆ ನೋವು, ಮೈಕೈ ನೋವು, ಕೀಲು ನೋವು, ಮೈಮೇಲೆ ಗಂದೆ, ರಕ್ತಸ್ರಾವ ಇವುಗಳಲ್ಲಿ ಎರಡಾದರೂ ಇದ್ದರೆ ‘ಶಂಕಿತ’. ನಿಮಿಷಗಳಲ್ಲಿ ಫಲಿತಾಂಶ ತೋರಿಸುವ ಕಾರ್ಡ್ ಟೆಸ್ಟ್‌ನಲ್ಲಿ ಗೆರೆ ಬಂದರೆ ‘ಸಂಭಾವ್ಯ’. ಲ್ಯಾಬಿನ ಯಂತ್ರದಲ್ಲಿ ಮಾಡುವ ಎಲಿಸಾ ಪರೀಕ್ಷೆಯಲ್ಲಿ ಎನ್‌ಎಸ್‌1 (ವೈರಸ್ಸಿನ ಪ್ರೋಟೀನು) ಅಥವಾ ಐಜಿಎಂ (ಮೈ ತಯಾರಿಸುವ ಪ್ರತಿಕಾಯ) ಸಿಕ್ಕರೆ, ಇಲ್ಲವೇ ವೈರಸ್ಸಿನ ವಂಶವಾಹಿ ಹುಡುಕುವ ಪಿಸಿಆರ್‌ನಲ್ಲಿ ವೈರಸ್ ಸಿಕ್ಕರೆ ‘ದೃಢ’. ಪತ್ರಿಕೆ ಬರೆಯುವುದು ಮೊದಲ ಎರಡು ಮೆಟ್ಟಿಲಿನ ಲೆಕ್ಕ, ಇಲಾಖೆ ಹೇಳುವುದು ಮೂರನೆಯದರ ಲೆಕ್ಕ. ಸಾವಿನ ವಿಷಯದಲ್ಲಿ ಇನ್ನೂ ಒಂದು ಮೆಟ್ಟಿಲಿದೆ: ರೋಗಿಯ ಕಡತವನ್ನು ಸಮಿತಿ ನೋಡಿ ಸಾವಿಗೆ ಡೆಂಗಿಯೇ ಕಾರಣವೇ ಎಂದು ತೀರ್ಮಾನಿಸಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ. ಇಲಾಖೆಯವರೂ ಈ ವ್ಯಾಖ್ಯೆಯ ಮರೆಯಲ್ಲಿ ಕೂರುವುದುಂಟು. ರಕ್ತದ ಮಾದರಿ ತೆಗೆಯುವ ಮೊದಲೇ ತೀರಿಕೊಂಡವರು ಮೊದಲ ಮೆಟ್ಟಿಲು ದಾಟುವುದೇ ಇಲ್ಲ. ಹಾಗಾಗಿ ‘ದೃಢಪಟ್ಟವರು ಎಷ್ಟು’ ಎಂದು ಕೇಳುವ ವರದಿಗಾರರು ‘ಎಷ್ಟು ಜನರಿಗೆ ಪರೀಕ್ಷೆ ಮಾಡಿದಿರಿ’ ಎಂದೂ ಕೇಳಬೇಕು.

‘ಡೆಂಗಿ ಪಾಸಿಟಿವ್’ ಎಂಬುದೂ ಇಂಥದೇ ಮಾತು. ಖಾಸಗಿ ಲ್ಯಾಬಿನ ಕಾರ್ಡ್ ಬೆರಳುದ್ದದ ಪ್ಲಾಸ್ಟಿಕ್ ತುಂಡು. ಸಾಮಾನ್ಯವಾಗಿ ಒಂದು ಕಿಟಕಿ ಎನ್‌ಎಸ್‌1ಕ್ಕೆ, ಇನ್ನೊಂದು ಐಜಿಎಂ, ಐಜಿಜಿಗೆ. ‘ಸಿ’ ಅಕ್ಷರದ ಎದುರು ಗೆರೆ ಬರಲೇಬೇಕು. ಬರದಿದ್ದರೆ ಕಾರ್ಡೇ ಕೆಟ್ಟಿದೆ, ಆ ಫಲಿತಾಂಶಕ್ಕೆ ಅರ್ಥವಿಲ್ಲ. ಕಿಟ್ ಮೇಲೆ ಬರೆದ ಹೊತ್ತಿಗೆ, ಹೆಚ್ಚಾಗಿ 15ರಿಂದ 20 ನಿಮಿಷದಲ್ಲಿ, ಓದಿ ಮುಗಿಸಬೇಕು. ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಿ ಬಂದ ಮೇಲೆ ಕಾಣುವ ಮಸುಕು ಗೆರೆ ಲೆಕ್ಕಕ್ಕಿಲ್ಲ. ಎನ್‌ಎಸ್‌1 ವೈರಸ್ಸಿನದೇ ಪ್ರೋಟೀನು. ಜ್ವರದ ಮೊದಲ ಐದು ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಐಜಿಎಂ ನಮ್ಮ ಮೈ ತಯಾರಿಸುವ ಪ್ರತಿಕಾಯ. ಐದನೇ ದಿನದ ಸುಮಾರಿಗೆ ಕಾಣಿಸಿಕೊಂಡು ಎರಡು ಮೂರು ತಿಂಗಳು ಉಳಿಯಬಹುದು. ಐಜಿಜಿ ವರ್ಷಗಟ್ಟಲೆ ಇರುತ್ತದೆ. ಬರೀ ಐಜಿಜಿ ಗೆರೆ ಬಂದವರಿಗೆ ಹಿಂದೆ ಯಾವಾಗಲೋ ಡೆಂಗಿ ಬಂದು ಹೋಗಿರಬಹುದು. ಅದೂ ‘ಪಾಸಿಟಿವ್’, ನಿನ್ನೆ ಜ್ವರ ಬಂದವರ ಎನ್‌ಎಸ್‌1 ಕೂಡ ‘ಪಾಸಿಟಿವ್’. ಎರಡನ್ನೂ ಕೂಡಿಸಿ ‘ಒಂದೇ ಊರಿನಲ್ಲಿ 20 ಮಂದಿಗೆ ಡೆಂಗಿ’ ಎಂದು ಬರೆದರೆ ಆ 20ಕ್ಕೆ ಏನರ್ಥ? ಏಳನೇ ದಿನ ಎನ್‌ಎಸ್‌1 ಮಾತ್ರ ಮಾಡಿಸಿ ‘ನೆಗೆಟಿವ್, ಡೆಂಗಿ ಅಲ್ಲ’ ಎಂದು ಮನೆಗೆ ಕಳಿಸುವ ತಪ್ಪೂ ಇದರ ತಮ್ಮನೇ.

ಇಲ್ಲಿ ಕನ್ನಡಕ್ಕೇ ಇರುವ ಒಂದು ತೊಡಕು ಹೇಳಬೇಕು. ಶಾಸ್ತ್ರದಲ್ಲಿ ‘ಲಕ್ಷಣ’ ಎಂದರೆ ವ್ಯಾಖ್ಯೆ. ಆಸ್ಪತ್ರೆಯಲ್ಲಿ ‘ಲಕ್ಷಣ’ ಎಂದರೆ ರೋಗಿಯಲ್ಲಿ ಕಾಣುವ ಚಿಹ್ನೆ. ಎರಡಕ್ಕೂ ಒಂದೇ ಪದವಾದ್ದರಿಂದ ಚಿಹ್ನೆಯನ್ನೇ ವ್ಯಾಖ್ಯೆ ಎಂದು ಬರೆದುಬಿಡುತ್ತೇವೆ. ನಮ್ಮ ತರ್ಕಶಾಸ್ತ್ರದವರು ಲಕ್ಷಣಕ್ಕೆ ಮೂರು ದೋಷ ಹೇಳಿದ್ದಾರೆ, ಅದಕ್ಕೆ ಹಸುವನ್ನೇ ಉದಾಹರಣೆಗೆ ಹಿಡಿದಿದ್ದಾರೆ. ‘ಕಪಿಲ ಬಣ್ಣದ್ದೇ ಹಸು’ ಎಂದರೆ ಬಿಳಿ ಹಸು ಹೊರಗುಳಿಯಿತು, ಅದು ಅವ್ಯಾಪ್ತಿ. ‘ಕೊಂಬಿರುವುದೇ ಹಸು’ ಎಂದರೆ ಎಮ್ಮೆಯೂ ಒಳಗೆ ಬಂತು, ಅದು ಅತಿವ್ಯಾಪ್ತಿ. ‘ಒಂಟಿ ಗೊರಸಿನದು ಹಸು’ ಎಂದರೆ ಒಂದೂ ಹಸು ಸಿಗುವುದಿಲ್ಲ, ಅದು ಅಸಂಭವ. ಸುದ್ದಿಮನೆಯಲ್ಲಿ ಕಾಯಿಲೆಯ ಬಗ್ಗೆ ಬರೆದ ಸಾಲನ್ನು ಈ ಮೂರು ಜರಡಿಯಲ್ಲಿ ಹಾಯಿಸಿ ನೋಡಲು ಎರಡು ನಿಮಿಷ ಸಾಕು. ‘ಪ್ಲೇಟ್‌ಲೆಟ್ ಇಳಿಸುವ ಜ್ವರವೇ ಡೆಂಗಿ’ ಎಂಬ ಸಾಲು ಎರಡು ಜರಡಿಯಲ್ಲಿ ಬೀಳುತ್ತದೆ. ಮಲೇರಿಯಾ, ಇಲಿ ಜ್ವರ, ಕೆಲವೊಮ್ಮೆ ಟೈಫಾಯ್ಡ್‌ನಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಡೆಂಗಿ ಬಂದ ಎಲ್ಲರಲ್ಲೂ ಅದು ಅಪಾಯದ ಮಟ್ಟಕ್ಕೆ ಇಳಿಯುವುದೂ ಇಲ್ಲ.

ವಿಂಗಡಣೆಗೂ ಇಂಥದೇ ಕಟ್ಟುಪಾಡಿದೆ. ಒಂದು ಸಲಕ್ಕೆ ಒಂದೇ ಆಧಾರ. ‘ಡೆಂಗಿ, ವೈರಲ್ ಜ್ವರ, ಟೈಫಾಯ್ಡ್ ಹೆಚ್ಚಳ’ ಎಂಬ ಸಾಲಿನಲ್ಲಿ ಡೆಂಗಿಯೇ ವೈರಲ್ ಜ್ವರ. ‘ಮಾವು, ಹಣ್ಣು, ಬದನೆ’ ಎಂದು ಪಟ್ಟಿ ಮಾಡಿದ ಹಾಗೆ. ಜ್ವರವನ್ನು ಅದನ್ನು ತರುವ ಜೀವಿಯಿಂದ ವಿಂಗಡಿಸಿದರೆ ವೈರಸ್ (ಡೆಂಗಿ, ಚಿಕೂನ್‌ಗುನ್ಯಾ), ಬ್ಯಾಕ್ಟೀರಿಯಾ (ಟೈಫಾಯ್ಡ್, ಇಲಿ ಜ್ವರ), ಪರಾವಲಂಬಿ (ಮಲೇರಿಯಾ). ಹರಡುವ ದಾರಿಯಿಂದ ವಿಂಗಡಿಸಿದರೆ ಸೊಳ್ಳೆ, ನೀರು, ಗಾಳಿ. ಓದುಗರಿಗೆ ಮನೆಯಲ್ಲಿ ಏನು ಮಾಡಬೇಕು ಎಂದು ಹೇಳುವ ಸುದ್ದಿಗೆ ಎರಡನೆಯದು ಉಪಯೋಗ. ಯಾವ ಗುಳಿಗೆ ಬೇಕು, ಯಾವುದು ಬೇಡ ಎಂದು ಹೇಳಲು ಮೊದಲನೆಯದು. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ ಯಾವುದಕ್ಕೂ ಬರುವುದಿಲ್ಲ.

ಪ್ಲೇಟ್‌ಲೆಟ್ ವಿಷಯಕ್ಕೆ ಬಂದರೆ, ‘ಬಿಳಿ ರಕ್ತಕಣ ಕಡಿಮೆಯಾಗಿ ಸಾವು’ ಎಂದು ಈಗಲೂ ಬರೆಯುತ್ತಾರೆ. ರಕ್ತದ ಒಂದು ಮೈಕ್ರೊಲೀಟರ್‌ನಲ್ಲಿ ಬಿಳಿ ರಕ್ತಕಣ 4,000ದಿಂದ 11,000 ಇರುತ್ತವೆ. ಅವು ಸೋಂಕಿನ ವಿರುದ್ಧ ಹೋರಾಡುವ ಕಣಗಳು. ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಅವು ರಕ್ತ ಹೆಪ್ಪುಗಟ್ಟಿಸುವ ಚೂರುಗಳು. ಎರಡೂ ಬೇರೆ. ಇನ್ನೊಂದು ಎಡವಟ್ಟು ಲ್ಯಾಬಿನ ಚೀಟಿಯಲ್ಲೇ ಇದೆ: ಕೆಲವು ಯಂತ್ರಗಳು ಸಾವಿರದ ಲೆಕ್ಕದಲ್ಲಿ ‘85’ ಎಂದು ಮುದ್ರಿಸುತ್ತವೆ, ಕೆಲವು ಲಕ್ಷದ ಲೆಕ್ಕದಲ್ಲಿ ‘0.85’ ಎಂದು. ಎರಡೂ ಎಂಬತ್ತೈದು ಸಾವಿರವೇ. ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಮಾನ ನೋಡದೆ ‘ಎಂಬತ್ತೈದಕ್ಕೆ ಇಳಿದಿದೆ’ ಎಂದು ಮನೆಯವರು ಗಾಬರಿಯಾಗಿ ರಾತ್ರೋರಾತ್ರಿ ಬಳ್ಳಾರಿಗೋ ಹೈದರಾಬಾದಿಗೋ ಗಾಡಿ ಮಾಡುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಕೊಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಡೆಂಗಿಯನ್ನು ತೀವ್ರತೆಯ ಆಧಾರದ ಮೇಲೆ ಹೊಸದಾಗಿ ವಿಂಗಡಿಸಿತು: ಎಚ್ಚರಿಕೆ ಚಿಹ್ನೆ ಇಲ್ಲದ್ದು, ಎಚ್ಚರಿಕೆ ಚಿಹ್ನೆ ಇರುವುದು, ತೀವ್ರ ಡೆಂಗಿ. ತೀವ್ರ ಡೆಂಗಿ ಎಂದರೆ ರಕ್ತನಾಳದಿಂದ ದ್ರವ ಸೋರಿ ಬಿಪಿ ಕುಸಿಯುವುದು ಅಥವಾ ಉಸಿರಾಟಕ್ಕೆ ಕಷ್ಟವಾಗುವುದು, ಭಾರೀ ರಕ್ತಸ್ರಾವ, ಇಲ್ಲವೇ ಲಿವರ್, ಮಿದುಳು, ಹೃದಯದಂಥ ಅಂಗಕ್ಕೆ ಜೋರು ಪೆಟ್ಟು. ಆ ವ್ಯಾಖ್ಯೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಇಲ್ಲವೇ ಇಲ್ಲ! ಎಚ್ಚರಿಕೆ ಚಿಹ್ನೆಗಳಲ್ಲಿ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಬಡಿಯುವುದು, ಪ್ಲೇಟ್‌ಲೆಟ್ ಬೇಗ ಇಳಿಯುತ್ತಾ ಹೆಮಟೊಕ್ರಿಟ್ ಏರುವುದು ಇವೆ. ಹೆಮಟೊಕ್ರಿಟ್ ಎಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ದ್ರವ ಸೋರಿದರೆ ರಕ್ತ ಗಟ್ಟಿಯಾಗಿ ಅದು ಏರುತ್ತದೆ. ಅಪಾಯ ಬರುವುದು ಹೆಚ್ಚಾಗಿ ಜ್ವರ ಬಿಡುವ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ. ಜ್ವರ ಬಿಟ್ಟಿತು ಎಂದು ಮಗುವನ್ನು ಮನೆಗೆ ಕರೆದುಕೊಂಡು ಹೋಗುವುದೂ ಅದೇ ಹೊತ್ತಿಗೆ. ಪಪ್ಪಾಯಿ ಎಲೆ ರಸದ ಸುದ್ದಿಗೆ ಕೊಡುವ ಜಾಗದಲ್ಲಿ ಈ ಎರಡು ಸಾಲು ಹಾಕಿದರೆ ಸಾಕಿತ್ತು.

‘ಸಾಂಕ್ರಾಮಿಕ’ ಎಂಬ ಪದವೂ ಎರಡು ಕೆಲಸ ಮಾಡುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಕ್ಕೂ ಅದೇ, ಒಂದು ಊರಿನಲ್ಲಿ ವಾಡಿಕೆಗಿಂತ ಹೆಚ್ಚು ಹಬ್ಬುವುದಕ್ಕೂ ಅದೇ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ್ದು ಎರಡನೆಯ ಅರ್ಥದಲ್ಲಿ. ಮನೆ, ಕಟ್ಟಡ, ಖಾಲಿ ನಿವೇಶನಗಳಲ್ಲಿ ಸೊಳ್ಳೆಯ ಲಾರ್ವಾ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ಅಧಿಕಾರ ಅದರಿಂದ ಬಂತು. ಓದುಗರು ಮೊದಲನೆಯ ಅರ್ಥ ಹಿಡಿದರೆ ರೋಗಿಯ ತಟ್ಟೆ ಲೋಟ ಬೇರೆ ಇಡುತ್ತಾರೆ, ಅಂಗಳದ ಡ್ರಮ್ಮು ಹಾಗೇ ಇರುತ್ತದೆ. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ನಮ್ಮ ಊರುಗಳಲ್ಲಿ ಡ್ರಮ್ಮು, ಸಿಮೆಂಟಿನ ತೊಟ್ಟಿ ಇಲ್ಲದ ಮನೆಯಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ. ನೀರು ಚೆಲ್ಲಿದರೆ ಮಾತ್ರ ಸಾಲದು. ಮೊಟ್ಟೆ ಒಳಗೋಡೆಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜಬೇಕು.

‘ಹೊಸ ಕಾಯಿಲೆ’ ಎನ್ನುವಾಗಲೂ ಯಾರಿಗೆ ಹೊಸದು ಎಂದು ಹೇಳಿ. 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ರಾಜ್ಯದ ಮೊದಲ ಝೀಕಾ ಪ್ರಕರಣವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ಝೀಕಾ ಜಗತ್ತಿಗೆ ಹೊಸದಲ್ಲ, 1947ರಲ್ಲೇ ಉಗಾಂಡದಲ್ಲಿ ಸಿಕ್ಕ ವೈರಸ್. ಭಾರತಕ್ಕೂ ಹೊಸದಲ್ಲ, ಗುಜರಾತ್, ರಾಜಸ್ಥಾನ, ಕೇರಳಗಳಲ್ಲಿ ಅದಕ್ಕೆ ಮೊದಲೇ ಕಂಡಿತ್ತು. ಹರಡುವುದು ಡೆಂಗಿ ತರುವ ಅದೇ ಸೊಳ್ಳೆಯಿಂದ. ಹೆಚ್ಚಿನವರಲ್ಲಿ ಚಿಹ್ನೆಯೇ ಕಾಣದು, ಗರ್ಭಿಣಿಯರಿಗೆ ಮಾತ್ರ ಚಿಂತೆ ದೊಡ್ಡದು. ಇಷ್ಟು ಹೇಳಿದ ಮೇಲೆ ‘ನಿಗೂಢ’ ಎಂಬ ಪದಕ್ಕೆ ಜಾಗ ಉಳಿಯುವುದಿಲ್ಲ.

ಇನ್ನು ಬಾಟಲಿ. ನಮ್ಮ ಕಡೆ ಕೈಯ ರಕ್ತನಾಳಕ್ಕೆ ಹಚ್ಚುವ ಎಲ್ಲ ಬಾಟಲಿಗೂ ‘ಸಲಾಯಿನ್’ ಇಲ್ಲವೇ ‘ಗ್ಲೂಕೋಸ್’ ಎನ್ನುತ್ತಾರೆ. ಮಾತಿನಲ್ಲಿ ಸರಿ, ಸುದ್ದಿಯಲ್ಲಿ ಅಲ್ಲ. ಅರ್ಧ ಲೀಟರಿನ ನಾರ್ಮಲ್ ಸಲೈನ್ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಶೇ 5ರ ಡೆಕ್ಸ್‌ಟ್ರೋಸ್‌ನಲ್ಲಿ 25 ಗ್ರಾಂ ಗ್ಲೂಕೋಸ್, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ‘ಸುಸ್ತಿಗೆ ಶಕ್ತಿ ಬರಲಿ’ ಎಂದು ಹಳ್ಳಿಯ ಕ್ಲಿನಿಕ್ಕಿನಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಳ್ಳುವುದು ಇದನ್ನೇ. ಬಾಯಿಂದ ಉಣ್ಣಬಲ್ಲವರಿಗೆ ಒಂದು ಜೋಳದ ರೊಟ್ಟಿ ಇದಕ್ಕಿಂತ ಮೇಲು. ಮೂರನೆಯದು ರಿಂಗರ್ ಲ್ಯಾಕ್ಟೇಟ್. ಲೇಬಲ್ ಮೇಲೆ ‘ಕಾಂಪೌಂಡ್ ಸೋಡಿಯಂ ಲ್ಯಾಕ್ಟೇಟ್ ಇಂಜೆಕ್ಷನ್ ಐಪಿ’ ಎಂದಿರುತ್ತದೆ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್, ಲ್ಯಾಕ್ಟೇಟ್ ಇರುತ್ತವೆ, ಗ್ಲೂಕೋಸ್ ಇರುವುದಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ಅನುಮಾನ ಬಿದ್ದದ್ದು ಈ ಮೂರನೆಯದರ ಮೇಲೆ. ‘ಗ್ಲೂಕೋಸ್‌ನಿಂದ ಸಾವು’ ಎಂದು ಬರೆದರೆ ಸಂಬಂಧವೇ ಇಲ್ಲದ ಬಾಟಲಿಗೆ ಜನ ಹೆದರುತ್ತಾರೆ.

ಅದೇ ಸಂದರ್ಭದಲ್ಲಿ ‘ಕಳಪೆ’, ‘ನಕಲಿ’, ‘ಕಲಬೆರಕೆ’ ಎಂಬ ಮೂರೂ ಪದ ಒಂದರ ಬದಲು ಒಂದರಂತೆ ಓಡಾಡಿದವು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ಇವು ಬೇರೆ ಬೇರೆ. ಲೇಬಲ್ ನಿಯಮದಂತೆ ಇಲ್ಲದಿದ್ದರೆ ಅಥವಾ ಅದರಲ್ಲಿ ಸುಳ್ಳಿದ್ದರೆ ತಪ್ಪು ಲೇಬಲಿನ ಔಷಧ (ಕಲಂ 17). ಹೊಲಸು ಸೇರಿದ್ದರೆ, ಕೊಳಕು ಜಾಗದಲ್ಲಿ ತಯಾರಾಗಿದ್ದರೆ, ಗುಣ ಕೆಡಿಸುವ ವಸ್ತು ಬೆರೆಸಿದ್ದರೆ ಕಲಬೆರಕೆ (17ಎ). ಬೇರೆ ಔಷಧದ ಅಥವಾ ಬೇರೆ ತಯಾರಕರ ಹೆಸರಿನಲ್ಲಿ ಮಾರಿದರೆ ನಕಲಿ (17ಬಿ). ಇವು ಮೂರಕ್ಕಿಂತ ಬೇರೆಯಾಗಿ, ಅಸಲಿ ಕಂಪನಿಯೇ ಲೈಸೆನ್ಸ್ ಇಟ್ಟುಕೊಂಡು ತಯಾರಿಸಿದ್ದು ಪರೀಕ್ಷೆಯಲ್ಲಿ ಫೇಲಾದರೆ ‘ಪ್ರಮಾಣಿತ ಗುಣಮಟ್ಟದ್ದಲ್ಲ’ ಎನ್ನುತ್ತಾರೆ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಇಂಥವುಗಳ ಪಟ್ಟಿ ಹಾಕುತ್ತದೆ. ಆ ಪಟ್ಟಿ ನೋಡಿ ‘ನಕಲಿ ಮಾತ್ರೆ ಪತ್ತೆ’ ಎಂದು ಬರೆಯುವುದು ತಪ್ಪು. ಫೇಲಾಗುವುದು ಒಂದು ಬ್ಯಾಚ್, ಆ ಔಷಧವೇ ಅಲ್ಲ. ಬ್ಯಾಚ್ ನಂಬರ್ ಇಲ್ಲದ ಸುದ್ದಿಯಿಂದ ಓದುಗರಿಗೆ ಆಗುವುದು ಇಷ್ಟೇ: ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸುತ್ತಾರೆ. ಯಾವ ಪರೀಕ್ಷೆಯಲ್ಲಿ ಫೇಲಾಯಿತು ಎಂಬುದನ್ನೂ ಕೇಳಬೇಕು. ರಕ್ತನಾಳಕ್ಕೆ ಹೋಗುವ ದ್ರವಕ್ಕೆ ಜೀವಂತ ಸೂಕ್ಷ್ಮಾಣು ಇವೆಯೇ ಎಂಬ ಪರೀಕ್ಷೆ ಬೇರೆ, ಎಂಡೋಟಾಕ್ಸಿನ್ ಪರೀಕ್ಷೆ ಬೇರೆ. ಬ್ಯಾಕ್ಟೀರಿಯಾವನ್ನು ಆವಿಯಲ್ಲಿ ಕೊಂದರೂ ಅದರ ಹೊರಕವಚದ ವಿಷ, ಅಂದರೆ ಎಂಡೋಟಾಕ್ಸಿನ್, ಉಳಿದುಬಿಡುತ್ತದೆ. ಆದ್ದರಿಂದ ಮೊದಲನೆಯದರಲ್ಲಿ ಪಾಸಾದ ಬಾಟಲಿ ಎರಡನೆಯದರಲ್ಲಿ ಫೇಲಾಗಬಹುದು. ‘ಕಳಪೆ’ ಎಂಬ ಒಂದೇ ಪದದೊಳಗೆ ಇದೆಲ್ಲ ಮುಚ್ಚಿಹೋಗುತ್ತದೆ, ತಪ್ಪು ಮಾಡಿದವರಿಗೂ ಅದರಿಂದ ಅನುಕೂಲ.

‘ಬಾಣಂತಿ ಸಾವು’ ಮತ್ತು ‘ತಾಯಿ ಮರಣ’ ಒಂದೇ ಅಲ್ಲ. ಗರ್ಭಿಣಿಯಾಗಿದ್ದಾಗ ಅಥವಾ ಗರ್ಭ ಮುಗಿದ 42 ದಿನದೊಳಗೆ, ಗರ್ಭಕ್ಕೋ ಅದರ ಚಿಕಿತ್ಸೆಗೋ ಸಂಬಂಧಪಟ್ಟ ಕಾರಣದಿಂದ ಆದ ಸಾವು ತಾಯಿ ಮರಣ. ಗರ್ಭಪಾತದ ನಂತರದ್ದೂ ಅದರಲ್ಲಿ ಸೇರುತ್ತದೆ, ರಸ್ತೆ ಅಪಘಾತದ್ದು ಸೇರುವುದಿಲ್ಲ. ಅದರ ದರ ಲೆಕ್ಕ ಹಾಕುವುದು ಒಂದು ಲಕ್ಷ ಜೀವಂತ ಜನನಕ್ಕೆ. ಒಂದು ತಾಲ್ಲೂಕಿನ ಒಂದು ತಿಂಗಳ ಎರಡು ಸಾವನ್ನು ‘ದರ’ ಎಂದು ಬರೆಯುವಂತಿಲ್ಲ.

ವಾಂತಿಭೇದಿಯ ಸುದ್ದಿ ಬೇಸಿಗೆಯ ಕೊನೆಗೆ ಪ್ರತಿ ವರ್ಷ ಬರುತ್ತದೆ. ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ ಭೇದಿ. ರಕ್ತ ಬಂದರೆ ಆಮಶಂಕೆ. 14 ದಿನ ದಾಟಿದರೆ ದೀರ್ಘ ಭೇದಿ. ಕಾಲರಾ ಎಂಬುದು ನೀರು ಭೇದಿಯೊಳಗಿನ ಒಂದು ಬಗೆ. ಮಲದ ಕಲ್ಚರ್‌ನಲ್ಲಿ ವಿಬ್ರಿಯೊ ಕಾಲರೆ ಎಂಬ ಬ್ಯಾಕ್ಟೀರಿಯಾ ಬೆಳೆದ ಮೇಲೆ ಆ ಹೆಸರು ಬರೆಯಿರಿ, ಅದಕ್ಕೆ ಒಂದೆರಡು ದಿನ ಬೇಕು. ಚಿಕಿತ್ಸೆ ಅಷ್ಟು ದಿನ ಕಾಯುವುದಿಲ್ಲ, ಅದನ್ನು ನಿರ್ಧರಿಸುವುದು ಮೈಯಲ್ಲಿ ನೀರು ಎಷ್ಟು ಬತ್ತಿದೆ ಎಂಬ ಇನ್ನೊಂದು ವಿಂಗಡಣೆ. ಬತ್ತಿಲ್ಲ, ಸ್ವಲ್ಪ ಬತ್ತಿದೆ, ತೀರಾ ಬತ್ತಿದೆ. ಮಧ್ಯದವರಿಗೆ ನಾಲ್ಕು ಗಂಟೆಯಲ್ಲಿ ಕೆಜಿಗೆ 75 ಮಿಲಿಯಂತೆ ಓಆರ್‌ಎಸ್ (ಲವಣ, ಗ್ಲೂಕೋಸ್‌ನ ಪುಡಿ ಕರಗಿಸಿದ ನೀರು). ಹತ್ತು ಕೆಜಿಯ ಮಗುವಿಗೆ ಮುಕ್ಕಾಲು ಲೀಟರ್ ಆಯಿತು. 20.5 ಗ್ರಾಂ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಪೂರ್ತಿ. ಒಂದು ಲೋಟಕ್ಕೆ ಪೂರ್ತಿ ಪೊಟ್ಟಣ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. 200 ಮಿಲಿಯ ಸಣ್ಣ ಪೊಟ್ಟಣಗಳೂ ಸಿಗುವುದರಿಂದ ಈ ಗೊಂದಲ ಹೆಚ್ಚು. ರೆಡಿಮೇಡ್ ಸಿಹಿ ಪಾನೀಯಗಳು ತಮ್ಮನ್ನೂ ಓಆರ್‌ಎಸ್ ಎಂದು ಕರೆದುಕೊಳ್ಳುತ್ತಿದ್ದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ಪ್ರಾಧಿಕಾರ ಅದನ್ನು ತಡೆಯಿತು. ಅದೂ ವ್ಯಾಖ್ಯೆಯ ಜಗಳವೇ.

‘ಕಲುಷಿತ ನೀರು’ ಎಂದಾಗ ರೋಗಾಣುವೋ ರಾಸಾಯನಿಕವೋ ಹೇಳಿ. ನಮ್ಮ ಜಿಲ್ಲೆಗಳಲ್ಲಿ ಎರಡೂ ಇವೆ. ಕುದಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮಿತಿ, ಬೇರೆ ನೀರೇ ಇಲ್ಲದ ಕಡೆ ಒಂದೂವರೆ. ಕೊಳವೆಬಾವಿಯ ಫ್ಲೋರೈಡ್ ಸುದ್ದಿಯ ಕೊನೆಗೆ ‘ನೀರನ್ನು ಕುದಿಸಿ ಆರಿಸಿ ಕುಡಿಯಿರಿ’ ಎಂದು ಹಾಕಬೇಡಿ.

ಕಾಮಣಿ ಕಾಯಿಲೆಯಲ್ಲ, ಚಿಹ್ನೆ. ರಕ್ತಕಣ ಒಡೆದರೂ ಕಣ್ಣು ಹಳದಿ, ಲಿವರ್ ಊದಿದರೂ ಹಳದಿ, ಪಿತ್ತನಾಳಕ್ಕೆ ಕಲ್ಲು ಅಡ್ಡ ಬಂದರೂ ಹಳದಿ. ‘ಕಾಮಣಿಗೆ ರಾಮಬಾಣ’ ಎಂಬ ಔಷಧ ಯಾವ ಹಳದಿಗೆ ಎಂದು ಕೇಳಿದರೆ ಆ ಸುದ್ದಿಯೇ ಬಿದ್ದುಹೋಗುತ್ತದೆ. ಲಕ್ವಾ ಎಂದರೆ ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಅಥವಾ ಒಡೆಯುವುದು. ಮುಖದ ಒಂದು ನರ ಮಾತ್ರ ಸೋತು ಬಾಯಿ ಸೊಟ್ಟಗಾಗುವುದಕ್ಕೂ ಜನ ಅದೇ ಹೆಸರು ಹೇಳುತ್ತಾರೆ. ಅದು ಹೆಚ್ಚಾಗಿ ತಾನಾಗಿ ಸರಿಹೋಗುತ್ತದೆ. ಕಟ್ಟಿದ ನಾಳದ ಲಕ್ವಾದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ, ಅದೂ ಸ್ಕ್ಯಾನ್ ಮಾಡಿ ನಾಳ ಒಡೆದಿಲ್ಲ ಎಂದು ನೋಡಿದ ಮೇಲೆ. ಹೃದಯಾಘಾತ, ಹೃದಯಸ್ತಂಭನ, ಹೃದಯ ವೈಫಲ್ಯ ಮೂರೂ ಬೇರೆ. ಮೊದಲನೆಯದು ರಕ್ತನಾಳ ಕಟ್ಟುವುದು, ಎರಡನೆಯದು ಬಡಿತ ನಿಲ್ಲುವುದು, ಮೂರನೆಯದು ಪಂಪು ಸೋಲುತ್ತಾ ಬರುವುದು. ಕುಸಿದು ಸತ್ತವರೆಲ್ಲ ‘ಹೃದಯಾಘಾತದಿಂದ’ ಸತ್ತವರಲ್ಲ.

ಇದಕ್ಕೆಲ್ಲ ಜಾಗ ಎಲ್ಲಿದೆ ಎಂದು ಡೆಸ್ಕಿನವರು ಕೇಳುತ್ತಾರೆ. ಮೊದಲು ಹೇಳಿದ ತಲೆಬರಹದ ಸುದ್ದಿಯನ್ನೇ ಹೀಗೆ ಬರೆದು ನೋಡಬಹುದು:

‘ಜ್ವರದಿಂದ ಬಾಲಕಿ ಸಾವು, ಡೆಂಗಿ ಹೌದೇ, ವರದಿ ಬಾಕಿ. ಐದು ದಿನದಿಂದ ಜ್ವರವಿದ್ದ ಒಂಬತ್ತು ವರ್ಷದ ಬಾಲಕಿ ಮಂಗಳವಾರ ಆಸ್ಪತ್ರೆಯಲ್ಲಿ ಮೃತಪಟ್ಟಳು. ಖಾಸಗಿ ಲ್ಯಾಬಿನ ಕಾರ್ಡ್ ಪರೀಕ್ಷೆಯಲ್ಲಿ ಎನ್‌ಎಸ್‌1 ಕಂಡಿದೆ. ಖಚಿತಪಡಿಸುವ ಎಲಿಸಾ ಪರೀಕ್ಷೆಗೆ ಮಾದರಿ ಹೋಗಿದೆ. ಡೆಂಗಿ ಹಗಲು ಕಚ್ಚುವ ಈಡಿಸ್ ಸೊಳ್ಳೆಯಿಂದ ಹರಡುವ ವೈರಸ್ ಜ್ವರ; ರೋಗಿಯನ್ನು ಮುಟ್ಟುವುದರಿಂದ ಬರುವುದಿಲ್ಲ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.’

ಐವತ್ತು ಚಿಲ್ಲರೆ ಪದ. ಎಲಿಸಾ ವರದಿ ಬಂದ ದಿನ ಫಲಿತಾಂಶವನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ನೆಗೆಟಿವ್ ಬಂದರೂ.

ಇಂತಿ,
ರಾಯಚೂರು, ಕೊಪ್ಪಳ ಜಿಲ್ಲೆಗಳ ಕೆಲವು ವೈದ್ಯರು ಮತ್ತು ಲ್ಯಾಬ್ ತಂತ್ರಜ್ಞರು